ಮಂಡ್ಯದ ನೀರು, ನಮ್ಮ ಹುಡುಗನ ಫುಟ್‌ಬಾಲು

ಮೈಸೂರಿನಿಂದ ಮಂಡ್ಯಕ್ಕೆ ಬರುವ ಸಂಜೆಯ ಗಾಡಿಯಲ್ಲಿ ನನ್ನೆದುರು ಕೂತಿದ್ದ ಮನುಷ್ಯ ಯಲಿಯೂರು ದಾಟುವವರೆಗೂ ಅಳುತ್ತಲೇ ಇದ್ದ. ವಯಸ್ಸು ನಲವತ್ತು ದಾಟಿತ್ತು, ಗಡ್ಡ ಅಲ್ಲಲ್ಲಿ ನೆರೆತಿತ್ತು. ನಾವು ಈ ಸೀಮೆಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ. ಸಾವಿನ ಮನೆಯಿಂದ ಬರುತ್ತಿರಬೇಕು ಎಂದುಕೊಂಡು ತಂಬಿಗೆಯ ನೀರು ಮುಂದೆ ಹಿಡಿದು, "ಯಾರು ತೀರಿಕೊಂಡರ್ರಿ?" ಎಂದು ಕೇಳಿದೆ.

"ಎಲ್ಡು ಗೋಲು, ಸಾವ್ಕಾರ್ರೇ," ಎಂದ ಅವನು ಮೂಗು ಒರೆಸಿಕೊಳ್ಳುತ್ತ. "ಎಲ್ಡೂವೆ ಕಡೇ ಗಳಿಗೇಲಿ!"

ಮೈಸೂರಿನ ಕಾಲೇಜಿನವರು ಬೆಂಗಳೂರಿನ ಕಾಲೇಜಿನವರ ಕೈಯಲ್ಲಿ ಫುಟ್‌ಬಾಲಿನಲ್ಲಿ ಸೋತಿದ್ದರಂತೆ. ನಿಮ್ಮ ಮಗ ಆಡುತ್ತಾನೇನು ಎಂದೆ. ಮಕ್ಕಳೇ ಇಲ್ಲ ಎಂದ. ನೀವು ಆ ಕಾಲೇಜಿನಲ್ಲಿ ಓದಿದ್ದೀರೇನು ಎಂದೆ. "ನಾಲ್ಕನೇ ಕ್ಲಾಸಿಗೇ ಬುಟ್ಟೆ" ಎಂದ.

ನಮ್ಮ ಗದಗಿನ ಕಡೆ ಅರಳೆಯ ಧಾರಣೆ ಬಿದ್ದರೆ ಗಂಡಸರು ಅಳುತ್ತಾರೆ. ಕುಸ್ತಿಯಲ್ಲಿ ತಮ್ಮ ಓಣಿಯ ಪೈಲವಾನ ಬಿದ್ದರೆ ಎರಡು ದಿನ ಜಗಳ ತೆಗೆಯುತ್ತಾರೆ. ತನ್ನದಲ್ಲದ ಕಾಲೇಜಿಗಾಗಿ, ಯಾರದೋ ಮಕ್ಕಳು ಒದೆಯುವ ತೊಗಲಿನ ಚೆಂಡಿಗಾಗಿ ಕಣ್ಣೀರು ಹಾಕುವವನನ್ನು ಕಂಡದ್ದು ಅದೇ ಮೊದಲು. ಎಂಥ ಊರಿಗೆ ಬಂದು ಬಿದ್ದೆವಪ್ಪಾ ಎಂದುಕೊಂಡೆ. ಅವರ ಹೆಸರು ಗೌಸ್ ಸಾಬರು, ಮಂಡ್ಯ ಸ್ಟೇಷನ್ನಿನ ಮಗ್ಗುಲಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವರು. ಆಮೇಲೆ ಅದೇ ಗಾಡಿಯಲ್ಲಿ ಅವರ ಜೊತೆ ನಮ್ಮ ಮನೆಮಂದಿಯೆಲ್ಲ ಮುಖ ಬಾಡಿಸಿಕೊಂಡು ಬಂದ ದಿನಗಳೂ ಉಂಟು. ಅದು ಹೇಗಾಯಿತೆಂದು ಈ ಕಡೆ ಬರಬೇಕೆಂದಿರುವ ನಮ್ಮವರ ಉಪಯೋಗಕ್ಕೆ ಬರೆಯುತ್ತೇನೆ. ನಾನು ಮಾಡಿದ ತಪ್ಪನ್ನು ನೀವು ಮತ್ತೆ ಮಾಡಬೇಕಾಗಿಲ್ಲ.

ನಾವು ಬಂದದ್ದು ಗೋಣಿಚೀಲದ ವ್ಯಾಪಾರಕ್ಕೆ. ಸಕ್ಕರೆ ಕಾರ್ಖಾನೆ ಇದ್ದಲ್ಲಿ ಚೀಲ ಬೇಕು, ಬೆಲ್ಲದ ಆಲೆಮನೆ ಇದ್ದಲ್ಲಿ ಹಗ್ಗ ಬೇಕು. ಇಷ್ಟು ತಿಳಿಯಲು ಯಾವ ಕಾಲೇಜೂ ಬೇಡ. ಗದಗಿನ ಅರಳೆ ಪೇಟೆಯಲ್ಲಿ ಹನ್ನೆರಡನೆಯ ವಯಸ್ಸಿಗೆ ಅಂಡಿಗೆ, ಅಂದರೆ ಅರಳೆಯ ಮೂಟೆ, ಹೊರಲು ನಿಂತವನು ನಾನು. ಟವಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ದಲಾಲರ ಪಕ್ಕ ನಿಂತೇ ಕಲಿತೆ.

ಇಲ್ಲಿ ಮನೆ ಹುಡುಕುವವರು ಬಾಡಿಗೆಯ ಮಾತನ್ನು ಮೊದಲು ತೆಗೆಯಬಾರದು. ಬಾವಿಯ ನೀರು ಕೇಳಿ ಕುಡಿಯಿರಿ, ಚೆನ್ನಾಗಿದೆ ಅನ್ನಿರಿ, ಆಮೇಲೆ ಕೂತು ಮಾತಾಡಿರಿ. ಒಂದು ರೂಪಾಯಿಯಾದರೂ ಇಳಿಯುತ್ತದೆ. ಇವರ ಮಾತಿಗೂ ಹೆದರಬೇಡಿ. ಮೊದಲ ವಾರ ಒಬ್ಬ ರೈತ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, "ಏನ್ಲಾ, ಗೋಣಿ ಎಂಗೆ ಕೊಡ್ತೀಯ?" ಎಂದ. ನಮ್ಮಲ್ಲಿ ಎತ್ತಿಗೂ 'ರೀ' ಹಚ್ಚಿ ಮಾತಾಡುತ್ತೇವೆ. ಅವಮಾನವಾಯಿತೆಂದು ಚೀಲ ಮಡಿಸಿ ಒಳಗಿಟ್ಟು ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡೆ. 'ಲಾ' ಎಂದರೆ ಸಲಿಗೆಯೆಂದೂ, ಇವರು ಇದ್ದಕ್ಕಿದ್ದಂತೆ ಬಹುವಚನಕ್ಕೆ ಏರಿದರೆ ಆಗ ಎಚ್ಚರವಾಗಿರಬೇಕೆಂದೂ ತಿಳಿಯಲು ಆರು ತಿಂಗಳು ಹಿಡಿಯಿತು.

ಊಟದ ಕಷ್ಟ ಬೇರೆ. ಇಲ್ಲಿ ರಾಗಿಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ನನ್ನ ಹೆಂಡತಿ ಪಾರ್ವತೆವ್ವ ಮೂರು ದಿನ ಅದನ್ನು ಅಗಿದು ದವಡೆ ನೋಯಿಸಿಕೊಂಡಳು. ಊರಿನಿಂದ ಬಿಳಿಜೋಳ ತರಿಸುತ್ತಿದ್ದೆವು. ಯುದ್ಧ ಬಂದು ಧಾನ್ಯ ಸೀಮೆ ದಾಟುವುದು ನಿಂತ ಮೇಲೆ ಉಳಿದ ಜೋಳವನ್ನು ಅಳೆದು ಅಳೆದು ರೊಟ್ಟಿ ಬಡಿಯತೊಡಗಿದಳು.

ನಮ್ಮ ಮಕ್ಕಳು ಮೂವರು. ಹಿರಿಯವನು ಶಿವಲಿಂಗ, ಮೈಸೂರಿನ ಕಾಲೇಜಿಗೆ ಸೇರಿ ಅಲ್ಲೇ ಕೋಣೆ ಹಿಡಿದ. ಮಗಳು ಗಂಗಾ ಹೆಣ್ಣುಮಕ್ಕಳ ಶಾಲೆಯಲ್ಲಿ ರಬ್ಬರಿನ ಬಳೆ ಎಸೆದು ಹಿಡಿಯುವ ಆಟದಲ್ಲಿ ಎರಡೇ ತಿಂಗಳಿಗೆ ಹೆಸರು ಮಾಡಿದಳು. ಇವರಿಬ್ಬರ ಚಿಂತೆ ಇರಲಿಲ್ಲ. ಹದಿನಾಲ್ಕು ವರ್ಷದ ಕಿರಿಯ ಮಗ ವೀರಣ್ಣನಿಗೆ ಮಾತ್ರ ಎರಡು ವರ್ಷವಾದರೂ ಊರು ಒಗ್ಗಲಿಲ್ಲ. ಶಾಲೆಯಲ್ಲಿ ಅವನನ್ನು ಹುಡುಗರು 'ಏ ರೊಟ್ಟಿ' ಎಂದು ಕರೆಯುತ್ತಿದ್ದರು. ಶಾಲೆ ಬಿಟ್ಟೊಡನೆ ಸ್ಟೇಷನ್ನಿಗೆ ಹೋಗಿ ಬೆಂಗಳೂರಿನ ಕಡೆಗೆ ಹೋಗುವ ಗಾಡಿಯನ್ನು ನೋಡುತ್ತ ನಿಲ್ಲುತ್ತಿದ್ದ. ಆ ಗಾಡಿ ಹಿಡಿದರೆ ಮುಂದೆ ಹುಬ್ಬಳ್ಳಿಗೆ ಹೋಗಬಹುದೆಂದು ಅವನಿಗೆ ಗೊತ್ತಿತ್ತು. ಕೊನೆಗೊಂದು ದಿನ ಅವ್ವನ ಮುಂದೆ, "ನಾ ಮಾಮಾನ ಮನೀಗೆ ಹೋಗ್ತೇನಿ" ಎಂದ.

ಪಾರ್ವತೆವ್ವ ಹುಬ್ಬಳ್ಳಿಯ ತನ್ನ ಅಣ್ಣ ಚನ್ನಬಸಪ್ಪನಿಗೆ ಕಾಗದ ಬರೆಸಿದಳು. "ದೀಪಾವಳಿ ತನಕ ನೋಡೂಣ್ರಿ," ಎಂದಳು ನನಗೆ. "ಅಷ್ಟ್ರಾಗ ಹುಡುಗನ ಮನಸು ಇಲ್ಲಿ ಹತ್ತಲಿಲ್ಲಂದ್ರ ಅಣ್ಣನ ಕೂಡ ಕಳಿಸೂದ." ಆಗಲಿ ಎಂದೆ. ಆದರೆ ನನಗೆ ಆ ಮಾತು ಒಳಗಿಳಿಯಲಿಲ್ಲ. ಹನ್ನೆರಡಕ್ಕೆ ಮನೆ ಬಿಟ್ಟವನು ನಾನು. ಆಮೇಲೆ ಪ್ರತಿ ಸಲ ಹೋದಾಗಲೂ ನನ್ನ ತಾಯಿ ಮಣೆ ಹಾಕಿ ಬಡಿಸುತ್ತಿದ್ದಳು, ಬೀಗರಿಗೆ ಬಡಿಸಿದ ಹಾಗೆ. ಅಂಥ ಊಟ ನನ್ನ ಮಗನಿಗೆ ಬೇಡವಾಗಿತ್ತು.

ಗಣೇಶನ ಹಬ್ಬದ ರಜೆಯಲ್ಲಿ ಶಿವಲಿಂಗ ನಮ್ಮನ್ನೆಲ್ಲ ಮೈಸೂರಿಗೆ ಕರೆಸಿಕೊಂಡ. ಅರಮನೆ ನೋಡಲು, ಆನೆ ನೋಡಲು ಎಂದುಕೊಂಡು ಹೋದರೆ ಅವನು ನಮ್ಮನ್ನು ನೇರವಾಗಿ ಕಾಲೇಜಿನ ಫುಟ್‌ಬಾಲ್ ಬಯಲಿಗೆ ಎಳೆದೊಯ್ದ. ಗೌಸ್ ಸಾಬರು ನಮಗಿಂತ ಮೊದಲೇ ಬಂದು ಹಗ್ಗದ ಪಕ್ಕ ಜಾಗ ಹಿಡಿದಿದ್ದರು. ಪಾರ್ವತೆವ್ವ ಬುತ್ತಿಯ ಗಂಟು ಮಡಿಲಲ್ಲಿಟ್ಟುಕೊಂಡು, "ಇಷ್ಟು ಮಂದಿ ಒಂದ ಚೆಂಡಿಗೆ ಹೊಡದಾಡ್ತಾರಲ್ರಿ, ಆಳಿಗೊಂದು ಕೊಡಬಾರದೇನು?" ಎಂದಳು. ಅರ್ಧ ಗಂಟೆಯಾದ ಮೇಲೆ ಅವಳೇ ಎದ್ದು ನಿಂತು, "ಎಡಕ್ಕ ಒದಿಯೋ ತಮ್ಮಾ, ಎಡಕ್ಕ!" ಎಂದು ಕೂಗುತ್ತಿದ್ದಳು. ಸುತ್ತಲಿನ ಕಾಲೇಜು ಹುಡುಗರು ನಗತೊಡಗಿದರು. "ನಗ್ಬ್ಯಾಡ್ರೋ, ಅಮ್ಮಾವ್ರು ಅಂದಿದ್ದೇ ಸರಿ!" ಎಂದು ಗೌಸ್ ಸಾಬರು ಅವರನ್ನು ಗದರಿಸಿದರು.

ವೀರಣ್ಣ ಚೆಂಡನ್ನು ನೋಡಲೇ ಇಲ್ಲ. ಆಟವೆಲ್ಲ ಆ ತುದಿಗೆ ಹೋದಾಗಲೂ ಈ ತುದಿಯಲ್ಲಿ ಗೋಲು ಕಾಯುತ್ತಿದ್ದವನ ಮೇಲೇ ಅವನ ಕಣ್ಣು. ಏನು ನೋಡುತ್ತೀಯೋ ಎಂದೆ.

"ಅವನೂ ಒಬ್ಬನ ನಿಂತಾನಪ್ಪಾ," ಎಂದ. "ಆದ್ರ ಅವಂಗ ಯಾರೂ ಏನೂ ಅನ್ನೂದಿಲ್ಲ."

ಗೌಸ್ ಸಾಬರು ಆ ಮಾತನ್ನು ಕೇಳಿಸಿಕೊಂಡರು. ಮಂಡ್ಯದ ಶಾಲೆಯ ತಂಡದಲ್ಲಿ ಗೋಲು ಕಾಯಲು ಯಾರೂ ಒಪ್ಪುತ್ತಿರಲಿಲ್ಲ, ಎಲ್ಲರಿಗೂ ಮುಂದೆ ಓಡಿ ಒದೆಯುವ ಆಸೆ. ಮರುದಿನದಿಂದ ಸಾಬರು ತಮ್ಮ ಅಂಗಡಿಯ ಹಿಂದಿನ ಗೋಡೆಗೆ ವೀರಣ್ಣನನ್ನು ನಿಲ್ಲಿಸಿ ಚೆಂಡು ಎಸೆಯತೊಡಗಿದರು. ಯುದ್ಧದಿಂದಾಗಿ ಚೆಂಡಿನ ಒಳಗಿನ ರಬ್ಬರು ಎಲ್ಲೂ ಸಿಗುತ್ತಿರಲಿಲ್ಲ. ಇದ್ದೊಂದಕ್ಕೇ ಸೈಕಲ್ ಟ್ಯೂಬಿನ ತೇಪೆ ಹಾಕಿ ಹಾಕಿ, ಕೊನೆಗೆ ಅದು ಒಂದು ಕಡೆಗೆ ವಾಲಿ ಪುಟಿಯುತ್ತಿತ್ತು. "ಒಳ್ಳೇದೇ ಆಯ್ತು," ಎಂದರು ಸಾಬರು. "ಸೊಟ್ಟ ಚೆಂಡು ಇಡಿಯೋದ್ ಕಲ್ತ್ರೆ ನೆಟ್ಟಗಿರೋದು ತಾನೇ ಕೈಗೆ ಬತ್ತದೆ."

ಅಲ್ಲಿಂದ ನಮ್ಮ ಮನೆಯ ದಿನಚರಿಯೇ ಬೇರೆಯಾಯಿತು. ಬೆಳಿಗ್ಗೆ ಗಂಗಾಳ ಬಳೆಯಾಟ, ಸಂಜೆ ವೀರಣ್ಣನ ಚೆಂಡು, ಶನಿವಾರ ಬಂತೆಂದರೆ ಶಿವಲಿಂಗನ ಕಾಲೇಜಿನ ಆಟಕ್ಕೆ ಮೈಸೂರಿನ ಗಾಡಿ. ಒಂದು ಭಾನುವಾರ ಶಾಲೆಯ ತಂಡದೊಡನೆ ಮಳವಳ್ಳಿಗೂ ಹೋದೆ. ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ಎರಡು ಏರಿನಲ್ಲಿ ನಿಂತಿತು. ಆಡಬೇಕಾದ ಹುಡುಗರೇ ಇಳಿದು ತಳ್ಳಿದರು. ಸೋತೆವು. ಆದರೆ ವೀರಣ್ಣ ಹಾರಿ ಮೂರು ಚೆಂಡು ಹಿಡಿದ. ತಂಡದ ನಾಯಕ ಕಾಳ, ದೊಡ್ಡ ಮೈಯ ರೈತರ ಹುಡುಗ, 'ಏ ರೊಟ್ಟಿ' ಎಂದು ಮೊದಲು ಕೂಗಿದವನೇ ಅವನು. ಅವತ್ತು ಬಸ್ಸಿನಲ್ಲಿ ವೀರಣ್ಣನ ಅಂಗೈಯನ್ನು ತಿರುಗಿಸಿ ನೋಡಿ, "ರೊಟ್ಟಿ ತಿಂದು ತಿಂದು ಕೈ ಮರದಲಗೆ ಆದಂಗಾಗವೆ ಕಣ್ಲಾ ಇವಂಗೆ" ಎಂದ. ಅದು ಹೊಗಳಿಕೆಯೋ ಹಾಸ್ಯವೋ ವೀರಣ್ಣನಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ದೀಪಾವಳಿಗೆ ಮುಂಚಿನ ಭಾನುವಾರ ಮದ್ದೂರಿನ ಹುಡುಗರು ಮಂಡ್ಯಕ್ಕೆ ಆಡಲು ಬರುವುದೆಂದು ನಿಶ್ಚಯವಾಗಿತ್ತು. ಆ ವರ್ಷ ಶಾಲೆಯ ಬಯಲಿನಲ್ಲಿ ಧಾನ್ಯದ ಷೆಡ್ಡು ಎದ್ದಿತ್ತು. ಬಯಲಿಲ್ಲದಿದ್ದರೆ ಆಟವಿಲ್ಲ, ಆಟವಿಲ್ಲದ ತಂಡವನ್ನು ಈ ವರ್ಷಕ್ಕೆ ಮುಚ್ಚಿಬಿಡೋಣ ಎಂದರು ಹೆಡ್ಮಾಸ್ತರು. ತಂಡ ಮುಚ್ಚಿದರೆ ವೀರಣ್ಣ ಮತ್ತೆ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಾನೆ, ಅಲ್ಲಿಂದ ಹುಬ್ಬಳ್ಳಿಗೆ. "ಬಯಲು ತಾನೇ ಬೇಕಾದದ್ದು? ನನಗೆ ಬಿಡಿ" ಎಂದುಬಿಟ್ಟೆ.

ನಾಲೆಯ ದಾರಿಯಲ್ಲಿ ಚಿಕ್ಕಯ್ಯನೆಂಬವನ ಹೊಲ ಕಬ್ಬು ಕಡಿದು ಖಾಲಿ ಬಿದ್ದಿತ್ತು. ನಾನು ಹೆಜ್ಜೆ ಹಾಕಿ ಅಳೆದೆ. ಮಣ್ಣು ಹಿಸುಕಿ ನೋಡಿದೆ. ಕಬ್ಬಿನ ಬುಡದ ಕೂಳೆ ಕಿತ್ತಿದ್ದಾರೆಯೇ, ಮುಳ್ಳಿದೆಯೇ, ದಾರಿಗೆ ಯಾರ ತಕರಾರಾದರೂ ಇದೆಯೇ, ದನ ಹೊಡೆಯುತ್ತಾರೆಯೇ, ಎಲ್ಲ ಕೇಳಿದೆ. ಒಂದು ಸುರುಳಿ ಹಗ್ಗಕ್ಕೆ ಎರಡು ತಿಂಗಳ ಮಟ್ಟಿಗೆ ಹೊಲ ನನ್ನ ಕೈಗೆ ಬಂತು. ಚಿಕ್ಕಯ್ಯ ಇಷ್ಟು ಸುಲಭಕ್ಕೆ ಹೇಗೆ ಒಪ್ಪಿದ ಎಂಬ ಅನುಮಾನ ಒಂದು ಸಲವೂ ಬರಲಿಲ್ಲ. ಹುಡುಗರು ಬಿದಿರು ನೆಟ್ಟರು. ಒಂದು ವಾರ ಚೆನ್ನಾಗಿ ಆಡಿದರು. ಊರಿನಲ್ಲಿ ನಾಲ್ಕು ಜನ ನನ್ನನ್ನು ಕರೆದು ಮಾತಾಡಿಸಿದರು.

ಒಂದು ಸೋಮವಾರ ಸಂಜೆ ಹೋಗಿ ನೋಡಿದರೆ ಹೊಲವೆಲ್ಲ ನೀರು. ಗೋಲಿನ ಬಿದಿರು ನೀರಿನಲ್ಲಿ ನಿಂತಿದೆ, ನಡುವೆ ಬೆಳ್ಳಕ್ಕಿಗಳು ಓಡಾಡುತ್ತಿವೆ. ಹುಡುಗರೆಲ್ಲ ಬದುವಿನ ಮೇಲೆ ಸಾಲಾಗಿ ನಿಂತಿದ್ದರು.

"ಏನ್ ಸಾವ್ಕಾರ್ರೇ," ಎಂದ ಕಾಳ, "ಫುಟ್‌ಬಾಲಾ, ಮೀನ್ ಇಡಿಯೋದಾ?"

"ಲೇ, ನಿಮ್ಮಪ್ಪ ಒಂದು ತೆಪ್ಪಾನೂ ಕೊಡುಸ್ತಾನೇನ್ಲಾ?" ಎಂದು ಇನ್ನೊಬ್ಬ ವೀರಣ್ಣನನ್ನು ತಿವಿದ. ಎಲ್ಲರೂ ನಕ್ಕರು. ವೀರಣ್ಣ ನನ್ನ ಮುಖ ನೋಡದೆ ಮನೆಗೆ ನಡೆದ.

ನಮ್ಮ ಕರಿಮಣ್ಣಿನ ಒಣ ಎರೆಸೀಮೆಯವನು ಮಾತ್ರ ಮಾಡಬಹುದಾದ ತಪ್ಪು ಇದು. ಹೊಲ ಹಿಡಿಯುವಾಗ ನಾವು ಮಣ್ಣು ನೋಡುತ್ತೇವೆ, ಬದು ನೋಡುತ್ತೇವೆ, ನೀರು ಎಲ್ಲಿಂದ ಬರುತ್ತದೆ ಎಂದೂ ಕೇಳುತ್ತೇವೆ. ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದಿಲ್ಲ. ಹೋಗಲು ನಮ್ಮಲ್ಲಿ ನೀರೇ ಇಲ್ಲ. ಇಲ್ಲಿ ಪ್ರತಿಯೊಂದು ಗದ್ದೆಗೂ ಬೇರೆ ಕಾಲುವೆ ಇಲ್ಲ; ಮೇಲಿನ ಹೊಲದಲ್ಲಿ ಹರಿದೇ ಕೆಳಗಿನ ಗದ್ದೆಗೆ ನೀರು ಇಳಿಯಬೇಕು. ಚಿಕ್ಕಯ್ಯನ ಹೊಲದ ಕೆಳಗೆ ನಿಂಗೇಗೌಡರ ಭತ್ತ. ನಿಂಗೇಗೌಡರು ಕಾಳನ ತಂದೆ. ಅವರ ನೀರಿನ ಸರದಿ ಬಂದಾಗಲೆಲ್ಲ ನಮ್ಮ ಬಯಲು ಕೆರೆಯಾಗುತ್ತದೆ. ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು. ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಸೌಡಿಯನ್ನು ಹುಡುಕಿಕೊಂಡು ಹೋದೆ. ನಾಲೆಯ ತೂಬು ತೆಗೆದು ಮುಚ್ಚುವ ಆಳಿಗೆ ಇಲ್ಲಿ ಸೌಡಿ ಎನ್ನುತ್ತಾರೆ. ಗೌಡರ ಮುಂದಿನ ಸರದಿ ಯಾವತ್ತು ಎಂದೆ. ಹನ್ನೆರಡು ದಿನಕ್ಕೆ, ಶನಿವಾರ ಎಂದ. ಆಟ ಭಾನುವಾರ. ಆ ಒಂದು ಸಲ ಸ್ವಲ್ಪ ಹಿಂದೆಮುಂದೆ ಮಾಡು, ನಿನಗೆ ಹೊಸ ಗೋಣಿಚೀಲ ಕೊಡುತ್ತೇನೆ ಎಂದೆ.

"ಗೋಣಿ ಒದ್ಕೊಂಡು ಮನಿಕ್ಕೊಬೋದು, ಸಾವ್ಕಾರ್ರೇ," ಎಂದ ಅವನು ಬೀಡಿ ಆರಿಸದೆ. "ಒಬ್ರ ನೀರ್ನ ಸರದಿ ಮಾರ್ಕೊಂಡೋನು ಈ ಊರ್ನಲ್ಲಿ ಮನಿಕ್ಕೊಳಕಾಯ್ತದಾ? ಸರದಿ ಗೌಡಂದು. ಗೌಡ ಬುಟ್ರೆ ಬುಟ್ಟ."

ಈ ಕಡೆ ಬರುವವರು ಗಟ್ಟಿಯಾಗಿ ನೆನಪಿಡಬೇಕಾದ ಮಾತು: ಮಂಡ್ಯದಲ್ಲಿ ಬೆಲ್ಲ, ಎತ್ತು, ಮನೆ, ಹೊಲ ಎಲ್ಲಕ್ಕೂ ಚೌಕಾಸಿ ಉಂಟು. ಇನ್ನೊಬ್ಬನ ಸರದಿಗೆ ಇಲ್ಲ.

ನಿಂಗೇಗೌಡರು ಗದ್ದೆಯ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ತೆನೆಯೊಂದನ್ನು ಉಗುರಿನಿಂದ ಹಿಚುಕಿ ನೋಡುತ್ತಿದ್ದರು. ಬಿಳಿ ಹಾಲು ಬಂತು. ಅಂಥ ಸಮಯದಲ್ಲಿ ಭತ್ತಕ್ಕೆ ನೀರು ತಪ್ಪಬಾರದೆಂದು ನನಗೂ ಅಷ್ಟರಲ್ಲಿ ತಿಳಿದಿತ್ತು. ನಾನು ಪಕ್ಕದಲ್ಲಿ ಕೂತು ಅಭ್ಯಾಸದಂತೆ ಟವಲು ಕೈಮೇಲೆ ಹಾಕಿ ಮುಂದೆ ಚಾಚಿದೆ, ಅವರು ಬೆರಳು ಹಿಡಿಯಲೆಂದು. ಗೌಡರು ಟವಲನ್ನು ಎಳೆದುಕೊಂಡು ತಮ್ಮ ಮುಖದ ಬೆವರು ಒರೆಸಿ ನನ್ನ ತೊಡೆಯ ಮೇಲೆ ಹಾಕಿದರು.

"ಆ ಯಾಪಾರ ಎಲ್ಲಾ ಬ್ಯಾಡ ಬುಡು. ನಿನ್ ಸಂಕ್ಟ ಸೌಡಿ ಏಳ್ದ," ಎಂದರು. "ನಾಲೆ ಆಚೆಯೋನದು ಮಂಗಳ್ವಾರ ಸರದಿ, ಅವ್ನ ನೀರು ನಿನ್ ಬಯ್ಲಿಗೆ ಬರಾಕಿಲ್ಲ. ಅವ್ನ ಕೂಡೆ ಬದ್ಲು ಮಾಡ್ಕೊಬೋದು. ಮೂರು ದಿನ ಬತ್ತ ತಡ್ಕತದೋ ಇಲ್ವೋ, ಬಿಸ್ಲು ನೋಡ್ಬೇಕು."

"ಏನು ಬೇಕು ಹೇಳ್ರಿ ಗೌಡ್ರ. ಏನಿದ್ರೂ ಕೊಡ್ತೇನಿ."

"ನಿನ್ ಮಗನ್ನ ಉಬ್ಬಳ್ಳಿಗೆ ಕಳುಸ್ತೀಯಂತಲ್ಲ? ನಮ್ ಕಾಳ ಮನೇಲಿ ಅದ್ನೇ ಬಡ್ಕತಾನೆ. ಗೋಲ್ ಕಾಯಾಕೆ ಬ್ಯಾರೆ ಯಾವನೂ ಇಲ್ವಂತೆ." ತೆನೆಯನ್ನು ಮೆಲ್ಲಗೆ ಬಿಟ್ಟರು. "ಅವ್ನ ಇಲ್ಲೇ ಮಡಗು. ಅದೇ ನನ್ ರೇಟು."

ತೆಪ್ಪದ ಮಾತಾಡಿ ನಗಿಸಿದ ಹುಡುಗರ ನಾಯಕ ಮನೆಯಲ್ಲಿ ಈ ಮಾತಾಡುತ್ತಿದ್ದನೇ? "ಅದು ನನ್ನ ಕೈಯಾಗಿಲ್ಲ ಗೌಡ್ರ," ಎಂದೆ.

"ಅಂಗಾದ್ರೆ ಯಾಪಾರಕ್ಕೆ ಯಾಕ್ ಬಂದೆ?"

ಆಗಲಿ ಎಂದೆ. ನನ್ನದಲ್ಲದ ಮಾಲನ್ನು ಕೊಡುತ್ತೇನೆಂದು ಮಾತು ಕೊಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ.

ಮನೆಗೆ ಬಂದು ಹೇಳಿದೆ. ಪಾರ್ವತೆವ್ವ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು. "ಚೀಲ ಮಾರಿದ್ರಿ, ಹಗ್ಗ ಮಾರಿದ್ರಿ. ಈಗ ಮಗನ್ನೂ ತಕ್ಕಡಿಗೆ ಹಾಕಿದ್ರೇನು?" ಎಂದಳು. ಅಣ್ಣನಿಗೆ ಬರಬೇಡವೆಂದೂ ಬರೆಸಲಿಲ್ಲ. ವೀರಣ್ಣನಿಗೆ ನಾವಿಬ್ಬರೂ ಏನೂ ಹೇಳಲಿಲ್ಲ. ಅವನು ದಿನವೂ ಸಾಬರ ಗೋಡೆಯ ಮುಂದೆ ನಿಂತು ಚೆಂಡು ಹಿಡಿಯುತ್ತಿದ್ದ.

ಆ ಶನಿವಾರ ಬಿಸಿಲು ಸುಡುತ್ತಿತ್ತು. ನಾನು ನಾಲ್ಕು ಸಲ ನಾಲೆಯ ದಾರಿಗೆ ಹೋಗಿ ನೋಡಿ ಬಂದೆ. ಬಯಲು ಒಣಗಿಯೇ ಇತ್ತು. ಗೌಡರು ಮಾತು ಉಳಿಸಿಕೊಂಡಿದ್ದರು. ಅದೇ ಸಂಜೆ ಚನ್ನಬಸಪ್ಪನೂ ಹುಬ್ಬಳ್ಳಿಯಿಂದ ಬಂದಿಳಿದ.

ಭಾನುವಾರ ಬದುವಿನ ತುಂಬ ಜನ. ಮದ್ದೂರಿನವರು ರೈಲಿನಲ್ಲಿ ಬಂದರು. ಹನಕೆರೆಯಲ್ಲಿ ಹತ್ತಿಕೊಂಡ ಹತ್ತು ಜನ ಯಾರ ಕಡೆಯವರೆಂದು ಕೊನೆಯವರೆಗೂ ಗೊತ್ತಾಗಲಿಲ್ಲ, ಇಬ್ಬರಿಗೂ ಕೂಗಿದರು. ಪಾರ್ವತೆವ್ವ ಅಣ್ಣನ ಪಕ್ಕ ಕೂತಳು. ಕೂಗಲಿಲ್ಲ. ವೀರಣ್ಣ ಎರಡು ಸಲ ಮಣ್ಣಿಗೆ ಬಿದ್ದು ಚೆಂಡು ತಡೆದ, ಒಂದು ಸಲ ಎದುರಾಳಿಯ ಕಾಲಿನಡಿಯಿಂದಲೇ ಎಳೆದುಕೊಂಡ. ಕೊನೆಗೆ ಮದ್ದೂರಿನ ಹುಡುಗನೊಬ್ಬ ಎಡಕ್ಕೆ ಒದ್ದ. ನಮ್ಮವನು ಬಲಕ್ಕೆ ಬಿದ್ದ. ಒಂದು ಗೋಲಿಗೆ ಸೋತೆವು.

ಕಾಳ ಓಡಿ ಬಂದು ವೀರಣ್ಣನ ರಟ್ಟೆ ಹಿಡಿದೆತ್ತಿದ. "ಥೂ ನಿನ್ನ! ಅವ್ನ ಕಾಲ್ ಎತ್ಲಾಗ್ ತಿರುಗ್ತು ಅಂತ ಕಾಣ್ನಿಲ್ವೇನ್ಲಾ? ಕಣ್ಣೇನ್ ಮನೇಲಿ ಮಡಗಿ ಬಂದಿದ್ಯಾ? ನಾಳೆ ಬೆಳಿಗ್ಗೆ ಬಾ, ಎಡಕ್ಕೆ ಬೀಳೋದ್ ಕಲಿಸ್ತೀನಿ."

"ನೀನ್ ಮೊದ್ಲು ಅವ್ನ ತಡೀಬೇಕಾಗಿತ್ತು ಕಣ್ಲಾ," ಎಂದ ವೀರಣ್ಣ.

ಚನ್ನಬಸಪ್ಪನಿಗೆ ಸಿಟ್ಟು ಬಂತು. ಹುಡುಗ ಹತ್ತಿರ ಬಂದಾಗ, "ಇಷ್ಟ ಮಂದಿ ಮುಂದ ಹಿಂಗ ಬೈತಾರ. ಇಂಥಲ್ಲಿ ಇರ್ತೀ ಏನೋ?" ಎಂದ.

"ಗೋಲು ಬಿಟ್ಟದ್ದಕ್ಕ ಬೈದ್ರು ಮಾಮಾ," ಎಂದ ವೀರಣ್ಣ. "ಬಿಟ್ಟದ್ದು ನಾನ ಅಲಾ?"

ಅಷ್ಟರಲ್ಲಿ ನಿಂಗೇಗೌಡರು ಬಂದು ನನ್ನನ್ನು ದಾಟಿ ಪಾರ್ವತೆವ್ವನ ಮುಂದೆ ನಿಂತರು. "ನಿಮ್ ಯಜಮಾನ್ರು ಊ ಅಂದವ್ರೆ. ಅದು ಯಾಪಾರ್ದ ಮಾತು. ನೀವ್ ಏನಂತೀರಿ ತಾಯಿ? ಮಗನ್ನ ಇಲ್ಲೇ ಮಡಗ್ತೀರಾ?"

"ನಿಮ್ಮ ಪೈರು ಹೆಂಗೈತ್ರಿ?" ಎಂದು ಕೇಳಿದಳು.

"ತುದಿ ಒಸಿ ಕೆಂಪಾಗದೆ. ಇರ್ಲಿ ಬುಡಿ."

ಪಾರ್ವತೆವ್ವ ಎದ್ದು ಸೀರೆ ಎತ್ತಿಕಟ್ಟಿ ಬದುವಿಳಿದು ಗದ್ದೆಯ ಅಂಚಿಗೆ ಹೋದಳು. ಒಕ್ಕಲುತನದ ಮನೆಯ ಹೆಣ್ಣುಮಗಳು. ನಾಲ್ಕಾರು ಗರಿಗಳನ್ನು ಬೆರಳಲ್ಲಿ ಹಿಡಿದು ನೋಡಿದಳು, ಬಹಳ ಹೊತ್ತು ನೋಡಿದಳು. ತಿರುಗಿ ಬಂದು ಅಣ್ಣನಿಗೆ ಹೇಳಿದಳು: "ಎರಡು ವರ್ಷದಾಗ ನಮಗ 'ಇರ್ರಿ' ಅಂದವ್ರು ಇವ್ರೊಬ್ರ. ಅದೂ ಪೈರು ಒಣಗಿಸ್ಕೊಂಡು. ಹುಡುಗ ಇಲ್ಲೇ ಇರ್ಲಿ."

"ನಾ 'ಬಾ' ಅಂದದ್ದು ಲೆಕ್ಕಕ್ಕಿಲ್ಲೇನವಾ?"

"ಐತಿ. ಅದಕ್ಕ ಅಳು ಬರಾಕತ್ತೈತಿ," ಎಂದು ಸೆರಗು ಬಾಯಿಗೆ ಹಿಡಿದಳು.

ಹಬ್ಬ ಮುಗಿಸಿಕೊಂಡು ಚನ್ನಬಸಪ್ಪ ಒಬ್ಬನೇ ಹೊರಟ. ಗಾಡಿ ಸೀಟಿ ಹಾಕಿದ ಮೇಲೆ ಕಿಟಕಿಯಿಂದ ಬಗ್ಗಿ ನನ್ನನ್ನು ಕರೆದು, "ಅವಂಗಂತ ಒಂದು ಮಂಚ ಮಾಡಿಸಿಟ್ಟೇನಿ. ತೆಗಸ್ಲೇನು, ಇರ್ಲೇನು?" ಎಂದ. ಪಾರ್ವತೆವ್ವ ನನ್ನ ಕಡೆ ನೋಡಿದಳು. ಇರಲಿ ಎಂದೆ.

ಇದಾಗಿ ಮೂರು ವರ್ಷ. ಶಿವಲಿಂಗ ಓದು ಮುಗಿಸಿದ, ಆದರೆ ಅವನ ಕಾಲೇಜು ಸೋತರೆ ನಮ್ಮ ಮನೆಯಲ್ಲಿ ಇವತ್ತಿಗೂ ಒಗ್ಗರಣೆ ಬೀಳುವುದಿಲ್ಲ. ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಗೆ ಹೋದೆವು. ಆ ಮಂಚ ಪಡಸಾಲೆಯ ಮೂಲೆಯಲ್ಲಿ ಹಾಸಿಗೆ ಹೊದಿಸಿಕೊಂಡು ಹಾಗೇ ಇತ್ತು, ಅದರ ಮೇಲೆ ಯಾರನ್ನೂ ಮಲಗಗೊಟ್ಟಿಲ್ಲವಂತೆ. ವೀರಣ್ಣ ಮಲಗಿದ. ಈಗ ಹದಿನೇಳು, ಎತ್ತರ ಬೆಳೆದಿದ್ದಾನೆ. ಕಾಲು ಒಂದು ಗೇಣು ಹೊರಗೆ ಚಾಚಿತು. ಚನ್ನಬಸಪ್ಪ ಅದನ್ನು ನೋಡಿ, ನಾಳೆ ಬಡಿಗನನ್ನು ಕರೆಸಿ ಉದ್ದ ಮಾಡಿಸಬೇಕು ಎಂದ.

ನಾನೇ ಗೇಣು ಹಾಕಿ ಅಳೆದು, ಎಷ್ಟು ಉದ್ದ ಬೇಕೆಂದು ಹೇಳಿದೆ.